ಸವೆದ ಬೆರಳಿನವರ ಸಂಘ

ರಾಯಲ್ಪಾಡು
12 ಆಗಸ್ಟ್ 2024

ಲೇ ಚನ್ನ,

ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಈ ಕಾಲದಲ್ಲಿ ಅಂಚೆಯವನು ಕೈಬರಹದ ಕಾಗದ ತಂದುಕೊಟ್ಟರೆ ಎದೆ ಧಸಕ್ಕೆನ್ನುತ್ತದೆ ಎಂದು ಮೊದಲೇ ಹೇಳಿಬಿಟ್ಟೆ. ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಆಣೆ ಇಟ್ಟಿದ್ದೇನೆಯೇ ಹೊರತು ಬರೆಯುವುದಿಲ್ಲ ಎಂದಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಐದು ವರ್ಷ ಬೇಕಾಯಿತು.

ಆಣೆ ಇಟ್ಟದ್ದು ಏಕೆಂದು ನೀನು ಮರೆತಿರಲಾರೆ. ಆದರೂ ಬರೆಯುತ್ತೇನೆ, ಏಕೆಂದರೆ ಮುನಿಲಕ್ಷ್ಮಿಗೆ ನೀನು ಬೇರೆಯೇ ಕಥೆ ಹೇಳಿದ್ದೀಯಂತೆ. ಹೆಂಡತಿಗೆ ಸುಳ್ಳು ಹೇಳುವ ಮುಂಚೆ ಅವಳು ನನ್ನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆ ಎಂಬುದು ನೆನಪಿರಲಿ. 2019ರ ಯುಗಾದಿಗೆ ತವರಿಗೆ ಬಂದಿದ್ದೆ. ಹಬ್ಬದ ಹಿಂದಿನ ದಿನ ನಿನ್ನ ನ್ಯಾಯಬೆಲೆ ಅಂಗಡಿಯ ಜಗಲಿಯ ಮೇಲೆ ಕೂತು ಬೇವಿನ ಹೂ ಬಿಡಿಸುತ್ತಿದ್ದೆ. ದೊಡ್ಡಗಂಗಮ್ಮ ಬಂದಳು. ಶಿವಾರಪಟ್ಟಣದ ಶಿಲ್ಪಿಗಳ ಹತ್ತಿರ ನಲವತ್ತು ವರ್ಷ ವಿಗ್ರಹಗಳನ್ನು ಉಜ್ಜಿ ನುಣುಪು ಮಾಡಿದ ಹೆಂಗಸು. ನಿನ್ನ ಬೆರಳಚ್ಚಿನ ಮೆಷಿನ್ನು ಅವಳ ಹತ್ತು ಬೆರಳಿಗೂ ಕೆಂಪು ದೀಪ ತೋರಿಸಿತು. "ಬೆರಳು ತಗೊಳ್ತಿಲ್ಲ ಹೋಗಜ್ಜಿ, ಮುಂದಿನ ತಿಂಗಳು ನೋಡೋಣ" ಅಂದೆ ನೀನು. ಅವಳು ಚೀಲವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. "ಏನ್ಲಾ, ಕೊಡೋಕೆ ಬೇರೆ ದಾರೀನೇ ಇಲ್ವಾ?" ಎಂದು ನಾನು ಕೇಳಿದೆ. "ಇಲ್ಲ" ಅಂದೆ ನೀನು. ಆ ಚೀಲಕ್ಕೆ ನಿನ್ನ ಕೈಯಾರೆ ಅಕ್ಕಿ ಬೀಳುವ ತನಕ ನಿನ್ನ ಜೊತೆ ಮಾತಿಲ್ಲ ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ಹೇಳಿದೆ. ಮಾರನೆಯ ಬೆಳಿಗ್ಗೆ ಮುನಿಲಕ್ಷ್ಮಿ ಹೋಳಿಗೆ ತಟ್ಟುತ್ತಿರುವಾಗಲೇ ಬಸ್ಸು ಹತ್ತಿದೆ.

ಈಗ ಇಲ್ಲಿಯ ವಿಷಯ. ನಮ್ಮ ಮುನಿಶಾಮಮ್ಮ ಟೊಮೆಟೊ ಬಿಡಿಸುವ ಕೂಲಿಗೆ ಹೋಗುವವಳು. ಮೂರು ತಿಂಗಳಿಂದ ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಬರುತ್ತಿದ್ದಾಳೆ. ಮೊನ್ನೆ ನನ್ನ ಮನೆ ಮೆಟ್ಟಿಲ ಮೇಲೆ ಕೂತು, "ನಾ ವೇಲಿಮುದ್ರ ಎಕ್ಕಡ ಪೋಯಿಂದಮ್ಮಾ?" ಎಂದು ಕೇಳಿದಳು. ನನ್ನ ಬೆರಳಚ್ಚು ಎಲ್ಲಿ ಹೋಯಿತಮ್ಮಾ ಎಂದು. ನಗುತ್ತಲೇ ಕೇಳಿದಳು, ಆದರೆ ನನಗೆ ನಗು ಬರಲಿಲ್ಲ. ಗಿಡದ ಕರೆ ಹಿಡಿದು, ಚರ್ಮ ಸುಲಿದು, ಅವಳ ಬೆರಳ ತುದಿಯಲ್ಲಿ ಗೆರೆ ಎಂಬುದೇ ಇಲ್ಲ. ಅಂಗನವಾಡಿಯಿಂದ ನಿವೃತ್ತಳಾಗಿ ಸುಮ್ಮನೆ ಕೂತಿದ್ದೇನೆ. ಇಂಥವರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಬೇಕೆಂದಿದ್ದೇನೆ.

ನಿನ್ನ ಅಂಗಡಿಯಲ್ಲಿ ಬೆರಳು ಹಿಡಿಯದವರು ಯಾರು, ಏನು ಕೆಲಸದವರು? ಅದನ್ನಷ್ಟೇ ಬರಿ. ಅಕ್ಕನಿಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಸಂಘಕ್ಕೆ ಎಂದುಕೊ.

ಮಾತು ಬಿಟ್ಟ,
ಭಾರತಮ್ಮ


ಮಾಲೂರು ತಾಲ್ಲೂಕು
26 ಆಗಸ್ಟ್ 2024

ಸಂಘದ ಅಧ್ಯಕ್ಷರಾದ ಭಾರತಮ್ಮನವರಿಗೆ,

ಐದು ವರ್ಷ ಆದ ಮೇಲೆ ಬರೆದ ಕಾಗದದಲ್ಲಿ ಹೇಗಿದ್ದೀಯ ಎಂದು ಒಂದು ಸಾಲು ಹಾಕಿದ್ದರೆ ನಿನ್ನ ಪೆನ್ನಿನ ಇಂಕೇನೂ ಮುಗಿದುಹೋಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದಿದೆ. ಎಡಗಣ್ಣಿನ ಪೊರೆ ತೆಗೆಸಿದೆ. ಉಳಿದಂತೆ ಚೆನ್ನಾಗಿದ್ದೇನೆ.

ಅಂಗಡಿಯವನು ಎಂದರೆ ಎಲ್ಲರಿಗೂ ಬೈಯಲು ಸಲೀಸು. ಆ ಮೆಷಿನ್ನು ನಾನು ಮಾಡಿದ್ದಲ್ಲ, ಕೆಂಪು ದೀಪ ನಾನು ಹಚ್ಚಿದ್ದಲ್ಲ. ನೆಟ್‌ವರ್ಕ್ ಇಲ್ಲದ ದಿನ ಅದನ್ನು ಕಂಕುಳಲ್ಲಿಟ್ಟುಕೊಂಡು ನೀರಿನ ಟ್ಯಾಂಕ್ ಮೇಲೆ ಹತ್ತಿ ನಿಂತಿದ್ದೇನೆ, ಸಾಲಿನಲ್ಲಿದ್ದವರು ಕೆಳಗೆ ನಿಂತು ನನ್ನ ವಂಶವನ್ನೆಲ್ಲ ಬೈದಿದ್ದಾರೆ. ನಮ್ಮ ವಂಶ ಎಂದರೆ ನೀನೂ ಸೇರಿ. ಬೆರಳು ಹಿಡಿಯದಿದ್ದರೆ ನಾನೇನು ಮಾಡಲಿ? ದಾರಿ ಇಲ್ಲ.

ಕೇಳಿದ್ದಕ್ಕೆ ಉತ್ತರ. ಬೆರಳು ಹಿಡಿಯದವರು ಮೂವತ್ತನಾಲ್ಕು ಜನ. ನೀನು ಕೇಳಿದ ಮೇಲೆ ಕೂತು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ನನಗೇ ಆಶ್ಚರ್ಯವಾಯಿತು. ಇಪ್ಪತ್ತೊಂಬತ್ತು ಜನ ಕಲ್ಲಿನ ಕೆಲಸದವರು. ಕಡಿಯುವವರಿಗಿಂತ ಉಜ್ಜುವವರೇ ಹೆಚ್ಚು. ಇಷ್ಟು ವರ್ಷ ಅವರನ್ನು ಒಬ್ಬೊಬ್ಬರಾಗಿ ವಾಪಸ್ ಕಳಿಸುತ್ತಿದ್ದೆ, ಒಟ್ಟಾಗಿ ನೋಡಿರಲಿಲ್ಲ.

ಶಿವಾರಪಟ್ಟಣದಲ್ಲಿ ವೆಂಕಟರಾಯಪ್ಪ ಎಂಬ ಹಿರಿಯ ಶಿಲ್ಪಿ ಇದ್ದಾರೆ. ಅವರ ಬೆರಳೂ ಹಿಡಿಯುವುದಿಲ್ಲ. ಆ ಕಡೆಯವರು ಅವರ ಮಾತು ಕೇಳುತ್ತಾರೆ. ಆದರೆ ಹೋಗಬೇಡ, ಮೂಗಿನ ತುದಿಯಲ್ಲೇ ಕೋಪ. ನಿನ್ನಂಥವರೇ.

ಗಂಗಮ್ಮಜ್ಜಿ ಅವತ್ತಿನಿಂದ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ. ಮುನಿಲಕ್ಷ್ಮಿ ಹಿತ್ತಿಲ ಬಾಗಿಲಿನಿಂದ ಸೇರು ರಾಗಿ ಕಳಿಸುತ್ತಾಳೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಗೊತ್ತಿದೆ ಎಂದು ಅವಳಿಗೆ ಹೇಳಬೇಡ.

ಇನ್ನೂ ತಮ್ಮನೇ ಆಗಿರುವ,
ಚನ್ನರಾಯಪ್ಪ


ರಾಯಲ್ಪಾಡು
21 ಅಕ್ಟೋಬರ್ 2024

ಚನ್ನ,

ಹೋಗಬೇಡ ಎಂದೆಯಲ್ಲ, ಹೋಗಿದ್ದೆ. ಶಿವಾರಪಟ್ಟಣದವರೆಗೆ ಬಂದು ಮನೆಗೆ ಬರಲಿಲ್ಲ ಎಂದು ನೀನು ಎರಡು ದಿನ ಊಟ ಬಿಟ್ಟೆಯಂತೆ. ಸಕ್ಕರೆ ಕಾಯಿಲೆಯವನು ಊಟ ಬಿಡಬಾರದು.

ಮುನಿಶಾಮಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ವೆಂಕಟರಾಯಪ್ಪನವರು ಅರ್ಧ ಮುಗಿದ ಗಣಪತಿಯ ಮುಂದೆ ಕೂತಿದ್ದರು. ನಾನು ಸಂಘದ ವಿಷಯ ಹೇಳಿದೆ. "ನೋಡಮ್ಮ, ನಾವು ದೇವರನ್ನ ಕಡಿಯೋರು. ಟೊಮೆಟೊ ಬಿಡ್ಸೋರ ಜೊತೆ ಸಂಘ ಅಂತ ಕೂತ್ಕೊಂಡು ಅಕ್ಕಿ ಕೊಡ್ರಪ್ಪಾ ಅಂತ ಕೇಳೋಕಾಗ್ತದಾ?" ಎಂದರು. ನನಗೆ ರೇಗಿತು. ನನ್ನ ಬಾಯಿ ನಿನಗೆ ಗೊತ್ತಲ್ಲ, ಇನ್ನೊಂದು ಕ್ಷಣವಾಗಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು. ಅಷ್ಟರಲ್ಲಿ ಮುನಿಶಾಮಮ್ಮ ಏನೂ ಕೇಳದೆ ಅವರ ಬಲಗೈ ಹಿಡಿದು ತಿರುಗಿಸಿ ನೋಡಿದಳು. ತನ್ನ ಹೆಬ್ಬೆರಳನ್ನು ಅವರ ಹೆಬ್ಬೆರಳಿನ ಪಕ್ಕ ಇಟ್ಟಳು. "ಸ್ವಾಮೀ, ನಿಮ್ದೂ ಪೋಯಿಂದಿ, ನಂದೂ ಪೋಯಿಂದಿ. ದೇವರೇನು, ಟೊಮೆಟೊ ಏನು, ಮೆಷಿನ್ನಿಗೆ ಇಬ್ರೂ ಇಲ್ಲ" ಎಂದಳು.

ಅವರು ಆ ಎರಡು ಬೆರಳನ್ನು ನೋಡಿದರು. ಆಮೇಲೆ ಸೊಸೆಯನ್ನು ಕರೆದು ಇಬ್ಬರಿಗೂ ಕಾಫಿ ತರಲು ಹೇಳಿದರು. ಚನ್ನ, ಮೂವತ್ತು ವರ್ಷ ಸಭೆ ಸಮಾರಂಭಗಳಲ್ಲಿ ಭಾಷಣ ಮಾಡಿದ್ದೇನೆ. ಆ ಹೆಂಗಸು ಒಂದು ಬೆರಳಿಟ್ಟು ಮಾಡಿದ್ದನ್ನು ನಾನು ಒಮ್ಮೆಯೂ ಮಾಡಿಲ್ಲ. ಅವಳ ಪಕ್ಕ ಕೂತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಹೆಮ್ಮೆಯಾಗುತ್ತಿತ್ತು.

ಈಗ ಸಂಘದಲ್ಲಿ ಕಲ್ಲಿನವರಿದ್ದಾರೆ, ಟೊಮೆಟೊದವರಿದ್ದಾರೆ, ಶ್ರೀನಿವಾಸಪುರದ ಕಡೆಯ ರೇಷ್ಮೆ ನೂಲು ತೆಗೆಯುವ ಹೆಂಗಸರಿದ್ದಾರೆ. ದಿನವೆಲ್ಲ ಬಿಸಿನೀರಿನಲ್ಲಿ ಗೂಡು ಬೇಯಿಸಿ ಅವರ ಬೆರಳೂ ಹೀಗೆಯೇ. ಮುಳಬಾಗಿಲು ಕಡೆ ಆವನಿಯಿಂದ ರಾಗಿ ಬೆಳೆಯುವ ಹೆಂಗಸರ ಒಂದು ಗುಂಪು ಬಂದಿದೆ. ಅವರ ಮುಂದಾಳು ಶ್ರೀವಾಣಿ ಹೇಳಿದ್ದು ಕೇಳು: "ನಮ್ ಬೆರಳು ಹಿಡೀತದಕ್ಕಾ. ಹಿಡೀದೋರ ಜೊತೆ ನಿಂತ್ಕೊಳೋಕೆ ಬಂದಿದ್ದೀವಿ." ಇಂಥವರು ಸಿಗುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಕೋಲಾರದ ಆಹಾರ ಇಲಾಖೆಗೆ ಕೊಡುವ ಅರ್ಜಿ ತಯಾರಾಗುತ್ತಿದೆ. ಒಂದು ಷರತ್ತು ಹಾಕಿದ್ದೇನೆ. ಯಾರೂ ಹೆಬ್ಬೆಟ್ಟು ಒತ್ತಬಾರದು, ಎಲ್ಲರೂ ಸಹಿ ಹಾಕಬೇಕು. ಬಾರದವರಿಗೆ ನಾನೇ ಊರೂರಿಗೆ ಹೋಗಿ ಕಲಿಸುತ್ತಿದ್ದೇನೆ. ಮುನಿಶಾಮಮ್ಮ ತನ್ನ ಹೆಸರು ಬರೆಯುತ್ತಾಳೆ ಈಗ, "ಶಾ" ಮಾತ್ರ ಇನ್ನೂ ಸೊಟ್ಟ.

ಭಾರತಮ್ಮ


ಮಾಲೂರು ತಾಲ್ಲೂಕು
6 ಜನವರಿ 2025

ಅಕ್ಕಾ,

ಮೊನ್ನೆ ಕೋಲಾರದಲ್ಲಿ ನಿನ್ನನ್ನು ನೋಡಿದೆ. ನಾನು ಅಂಗಡಿಯವರ ಸಭೆಗೆ ಹೋಗಿದ್ದೆ. ಆಹಾರ ಇಲಾಖೆಯ ಆಫೀಸಿನ ಮುಂದೆ ಬೇವಿನ ಮರದ ಕೆಳಗೆ ನಾನೂರು ಜನರ ನಡುವೆ ನೀನು ಬಾಳೆಹಣ್ಣು ಹಂಚುತ್ತಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ರಸ್ತೆಯ ಈಚೆ ಕಡೆ ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ಅರ್ಧ ಗಂಟೆ ನಿಂತಿದ್ದೆ. ನನ್ನ ಜೊತೆಗಿದ್ದ ಅಂಗಡಿಯವನೊಬ್ಬ, "ಯಾರಪ್ಪಾ ಆಯಮ್ಮ, ಕಲ್ಲಿನೋರ್ನೂ ರೇಷ್ಮೆಯೋರ್ನೂ ಒಂದೇ ಕಡೆ ಕೂರ್ಸವ್ಳೆ!" ಎಂದ. ನನ್ನಕ್ಕ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಸಂತೋಷಕ್ಕೋ ಸಂಕಟಕ್ಕೋ ಕಬ್ಬಿನ ಹಾಲು ಕುಡಿದುಬಿಟ್ಟೆ. ಅದನ್ನು ಮುನಿಲಕ್ಷ್ಮಿಗೆ ಹೇಳಬೇಡ.

ಅರ್ಜಿ ವಾಪಸ್ ಬಂತೆಂದು ಸಂಜೆ ತಿಳಿಯಿತು. ಗುಮಾಸ್ತ ಅದನ್ನು ತಿರುವಿ, "ಎಲ್ಲರೂ ನೀಟಾಗಿ ಸಹಿ ಹಾಕಿದ್ದಾರೆ, ಇವರ ಬೆರಳಿಗೆ ಏನಾಗಿದೆ ಅನ್ನೋಕೆ ಇದರಲ್ಲಿ ಏನಿದೆ?" ಎಂದನಂತೆ. ನೀನು ಬೈದುಕೊಳ್ಳುತ್ತಿರುತ್ತೀಯ. ಆದರೆ ಅಕ್ಕಾ, ಸಿಟ್ಟು ಮಾಡಿಕೊಳ್ಳದೆ ಕೇಳು. ಅವನು ಹೇಳಿದ್ದು ಸರಿ. ನಾನೂರ ಹನ್ನೆರಡು ಜನರ ಕಷ್ಟವನ್ನು ನೀನೇ ಸಹಿಯ ಕೆಳಗೆ ಮುಚ್ಚಿಟ್ಟೆ.

ಹೆಬ್ಬೆಟ್ಟು ಒತ್ತಿಸು. ದಿನಾ ಬೆರಳು ನೋಡುವ ಕಸುಬಿನವನು ಹೇಳುತ್ತಿದ್ದೇನೆ. ಬಿಳಿ ಬಟ್ಟೆಯ ಮೇಲೆ ಮಸಿಯಲ್ಲಿ ಒತ್ತಿಸು. ಕಲ್ಲಿನವರದು ಒಂದು ಸಾಲು, ಟೊಮೆಟೊದವರದು ಒಂದು, ರೇಷ್ಮೆಯವರದು ಒಂದು. ಪಕ್ಕದಲ್ಲೇ ಆವನಿಯ ಹೆಂಗಸರದೂ ಒತ್ತಿಸು, ಬೆರಳು ಹಿಡಿಯುವವರು. ಗೆರೆ ಇರುವುದೂ ಇಲ್ಲದಿರುವುದೂ ಪಕ್ಕ ಪಕ್ಕ ಇದ್ದರೆ ಯಾವ ಗುಮಾಸ್ತನಿಗೂ ಓದಿ ಹೇಳಬೇಕಾಗಿಲ್ಲ.

ಕಬ್ಬಿನ ಗಾಡಿಯ ಮರೆಯ,
ಚನ್ನ


ರಾಯಲ್ಪಾಡು
17 ಜನವರಿ 2025

ಚನ್ನ,

ನಿನ್ನ ಕಾಗದ ಓದಿ ಹರಿದುಹಾಕಿದೆ. ಆಮೇಲೆ ಚೂರುಗಳನ್ನು ಜೋಡಿಸಿ ಮತ್ತೆ ಓದಿದೆ.

ನಾನು ಹದಿನೆಂಟರ ಹುಡುಗಿಯಾಗಿದ್ದಾಗ ನಮ್ಮ ಅವ್ವ ಪಂಚಾಯ್ತಿ ಕಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತಿದ್ದನ್ನು ನೋಡಿದ್ದೆ. ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವಾಗ ಒತ್ತಿಸಿಕೊಂಡವನು ನಕ್ಕ. ಅವತ್ತೇ ತೀರ್ಮಾನ ಮಾಡಿದ್ದೆ, ನನ್ನ ಕಣ್ಣೆದುರು ಯಾರೂ ಹೆಬ್ಬೆಟ್ಟು ಒತ್ತಕೂಡದು ಎಂದು. ಹಗಲು ಅಂಗನವಾಡಿಯಲ್ಲಿ ಮಕ್ಕಳಿಗೆ, ಸಂಜೆ ಅವರ ಅಜ್ಜಿಯರಿಗೆ ಅಕ್ಷರ ಕಲಿಸಿದ್ದು ಅದಕ್ಕೇ. ದೊಡ್ಡಗಂಗಮ್ಮನಿಗೂ ಹಿಂದೆ ತವರಿಗೆ ಬಂದಾಗಲೆಲ್ಲ ಕೂರಿಸಿಕೊಂಡು ಸಹಿ ಕಲಿಸಿದ್ದೆ. ಈಗ ನೀನು ಅದನ್ನೇ ಒತ್ತಿಸು ಎನ್ನುತ್ತೀಯ.

ಮೂರು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಮುನಿಶಾಮಮ್ಮನಿಗೆ ಹೇಳಿದೆ. ಅವಳು, "ನಿಮಗೆ ನಾಚ್ಕೆ ಅಂತ ನಾವು ಸೈನು ಕಲಿತ್ವಿ. ನಮಗೆ ಹೆಬ್ಬೆಟ್ಟೊತ್ತೋಕೆ ಏನು ನಾಚ್ಕೆ? ಇದು ಕೆಲಸ ಮಾಡಿ ಪೋಯಿಂದ ಬೆರಳು" ಎಂದಳು. ನಾನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ಮನಸ್ಸು ನೋಯದಿರಲಿ ಎಂದು ಕಲಿಯುತ್ತಿದ್ದರು.

ತಪ್ಪು ನನ್ನದು. ಬಟ್ಟೆ ತಂದಿದ್ದೇನೆ, ಮಸಿಯೂ ತಂದಿದ್ದೇನೆ. ಒಳ್ಳೆಯ ಬುದ್ಧಿ ಹೇಳಿದೆ.

ಅಕ್ಕ


ಮಾಲೂರು ತಾಲ್ಲೂಕು
24 ಫೆಬ್ರವರಿ 2025

ಅಕ್ಕಾ,

ಬಟ್ಟೆಯ ಫೋಟೋವನ್ನು ಮುನಿಲಕ್ಷ್ಮಿಯ ಫೋನಿನಲ್ಲಿ ನೋಡಿದೆ. ಆವನಿಯವರ ಬೆರಳುಗಳಲ್ಲಿ ಗೆರೆಗಳು ಎಣಿಸುವಷ್ಟು ಸ್ಪಷ್ಟ, ಪಕ್ಕದಲ್ಲಿ ಕಲ್ಲಿನವರದು ಬರೀ ಮಸಿಯ ಬೊಟ್ಟು. ಅಧಿಕಾರಿಗಳು ಅದನ್ನು ನೋಡಿ ಏಪ್ರಿಲ್‌ನಲ್ಲಿ ಅಹವಾಲು ಸಭೆ ಕರೆದಿದ್ದಾರೆ ಎಂದೂ ಕೇಳಿದೆ. ಊರೂರು ಸುತ್ತಿ ಇಷ್ಟು ಜನರನ್ನು ಒಂದು ಬಟ್ಟೆಯ ಮೇಲೆ ತಂದೆಯಲ್ಲ, ನಿನ್ನನ್ನು ನೆನೆದರೆ ಎದೆ ಉಬ್ಬುತ್ತದೆ. ಒಳ್ಳೆಯ ಬುದ್ಧಿ ಹೇಳಿದೆ ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಆ ಮಾತಿಗೆ ನಾನು ಯೋಗ್ಯನಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ದಾರಿ ಇತ್ತು, ಅಕ್ಕಾ.

ಯಂತ್ರಕ್ಕೆ ಬೆರಳು ಸಿಗದವರಿಗೆ ಬೇರೆ ಪುಸ್ತಕದಲ್ಲಿ ಹೆಸರು ಬರೆದು, ಸಾಕ್ಷಿಯ ಸಹಿ ಹಾಕಿಸಿ ಪಡಿತರ ಕೊಡಬಹುದು ಎಂದು 2018ರಲ್ಲೇ ಒಂದು ಸುತ್ತೋಲೆ ಬಂದಿತ್ತು. ಒಂದು ಹಾಳೆ. ಓದಿದ್ದೆ. ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದೆ, ಈಗಲೂ ಅಲ್ಲೇ ಇದೆ. ಹಾಗೆ ಕೊಟ್ಟ ಇನ್ನೊಬ್ಬ ಅಂಗಡಿಯವನನ್ನು, ಮೆಷಿನ್ನಿನಲ್ಲಿ ಇಲ್ಲದ ಅಕ್ಕಿ ಎಲ್ಲಿ ಹೋಯಿತು ಎಂದು ಆರು ತಿಂಗಳು ಅಲೆಸಿದರು. ಕಳ್ಳ ಎಂದರು. ಅದನ್ನು ನೋಡಿ ನಾನು ಹೆದರಿದೆ. ಬೆರಳು ಹಿಡಿಯುತ್ತಿಲ್ಲ ಎಂದುಬಿಟ್ಟರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಬೈಗುಳ ಮೆಷಿನ್ನಿಗೆ ಹೋಗುತ್ತದೆ.

ಗಂಗಮ್ಮಜ್ಜಿ ಬಂದ ದಿನ ಒಂದು ಕ್ಷಣ ಒಳಗೆ ಹೋಗಿ ಆ ಹಾಳೆ ತರಬೇಕು ಅನ್ನಿಸಿತು. ಅಷ್ಟರಲ್ಲಿ ನೀನು ಜಗಲಿಯಿಂದ ದಾರಿ ಇಲ್ವಾ ಎಂದು ಕೇಳಿದೆ. ಇದೆ ಎಂದಿದ್ದರೆ, ಹಾಗಾದರೆ ಇಷ್ಟು ದಿನ ವಾಪಸ್ ಕಳಿಸಿದ್ದೆಲ್ಲ ಏನು ಎಂದು ನೀನು ಎಲ್ಲರ ಎದುರು ಕೇಳುತ್ತಿದ್ದೆ. ಇಲ್ಲ ಎಂದೆ. ಹೋದ ಆಗಸ್ಟಿನಲ್ಲಿ ನಿನಗೆ ಬರೆಯುವಾಗಲೂ ಇಲ್ಲ ಎಂದೇ ಬರೆದೆ.



ಚನ್ನರಾಯಪ್ಪ


ರಾಯಲ್ಪಾಡು
4 ಏಪ್ರಿಲ್ 2025

ಚನ್ನರಾಯಪ್ಪ,

ಸಭೆ ಏಪ್ರಿಲ್ 16, ಬುಧವಾರ, ಹನ್ನೊಂದು ಗಂಟೆಗೆ, ಕೋಲಾರ. ನನಗೆ ಬರೆದದ್ದನ್ನು ಅಲ್ಲಿ ಬಂದು ಹೇಳು. ಆ ಹಾಳೆ ತಗೊಂಡು ಬಾ. ಬಾರದಿದ್ದರೆ ಇನ್ನು ಮೇಲೆ ಬರೆಯಲೂ ಬೇಡ.

ಭಾರತಮ್ಮ


ರಾಯಲ್ಪಾಡು
19 ಏಪ್ರಿಲ್ 2025

ಚನ್ನ,

ನೀನು ಮಾತಾಡುವಾಗ ಪೂರ್ತಿ ನೆಲವನ್ನೇ ನೋಡುತ್ತಿದ್ದೆ. ಹಾಗಾಗಿ ಅಲ್ಲಿ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ.

ಹನ್ನೊಂದೂವರೆಯಾದರೂ ನೀನು ಬರಲಿಲ್ಲ. ಬರುವುದಿಲ್ಲ ಎಂದೇ ತಿಳಿದಿದ್ದೆ. ಎರಡು ತಿಂಗಳಿಂದ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಬಾರದಿದ್ದರೇ ಒಳ್ಳೆಯದು ಎಂದೂ ಒಂದು ಕಡೆ ಅನ್ನಿಸಿತ್ತು. ಆಮೇಲೆ ಬಾಗಿಲಲ್ಲಿ ಕಂಡೆ. ಇಸ್ತ್ರಿ ಅಂಗಿ, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಮೆಷಿನ್ನು. ಹಾಳೆ ಒಂದೇ ತರಲು ಹೇಳಿದ್ದೆ, ಮೆಷಿನ್ನು ನಿನ್ನದೇ ಯೋಚನೆ. ನೀನು ಅದನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, ವೆಂಕಟರಾಯಪ್ಪನವರ ಕಾರ್ಡಿನ ನಂಬರು ಒತ್ತಿ, ಅವರ ಹತ್ತು ಬೆರಳನ್ನೂ ಒಂದೊಂದಾಗಿ ಇಡಿಸಿದೆ. ಹತ್ತು ಸಲ ಕೆಂಪು ದೀಪ ಬಂತು. ಅಧಿಕಾರಿ ಎದ್ದು ಬಂದು ವೆಂಕಟರಾಯಪ್ಪನವರ ಬೆರಳನ್ನು ತಾವೇ ಮುಟ್ಟಿ ನೋಡಿದರು.

ಆಮೇಲೆ ನೀನು ಹಾಳೆ ತೆಗೆದೆ. "ಸಾರ್, ದಾರಿ ಇತ್ತು. ನಂಗೆ ಗೊತ್ತಿತ್ತು. ಕೊಡ್ಲಿಲ್ಲ. ಹೆದರ್ಕೊಂಡೆ" ಎಂದೆ. ಗೋಡೆಯ ಪಕ್ಕ ನಿಂತಿದ್ದ ಅಂಗಡಿಯವರೆಲ್ಲ ನಿನ್ನನ್ನು ಹರಿದು ತಿನ್ನುವ ಹಾಗೆ ನೋಡುತ್ತಿದ್ದರು. ಕಲ್ಲಿನವರ ಸಾಲಿನಲ್ಲಿ ಒಬ್ಬ ಬೈದ, ಅದು ನಿನಗೂ ಕೇಳಿಸಿತು. ನೀನು ನಿಲ್ಲಿಸಲಿಲ್ಲ. ವಾಪಸ್ ಕಳಿಸಿದ ಮೂವತ್ತನಾಲ್ಕು ಜನರ ಹೆಸರನ್ನೂ ಚೀಟಿ ನೋಡದೆ ಹೇಳಿದೆ. ದೊಡ್ಡಗಂಗಮ್ಮನ ಹೆಸರನ್ನು ಮಾತ್ರ ಎರಡು ಸಲ ಹೇಳಿದೆ.

ನಿನಗೆ ಕಾಣದ್ದು ಇದು. ಗೋಡೆಯ ಪಕ್ಕದಿಂದ ಒಬ್ಬ ವಯಸ್ಸಾದ ಅಂಗಡಿಯವರು, "ನಮ್ಮಂಗಡೀಲೂ ಅಷ್ಟೇ ಸಾರ್" ಎಂದು ಕೈ ಎತ್ತಿದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಸಭೆ ಮುಗಿಯುವಾಗ ಏಳು ಕೈ ಮೇಲಿದ್ದವು. ಸರಿಯಾಗಿ ಕೇಳು, ನಿನ್ನ ಬೆನ್ನ ಹಿಂದೆ ಏಳು ಜನ ನಿಂತಿದ್ದರು. ನಾನು ಎಂಟು ತಿಂಗಳು ಸುತ್ತಿ ಬೆರಳು ಸವೆದವರನ್ನು ಒಟ್ಟು ಮಾಡಿದೆ. ವಾಪಸ್ ಕಳಿಸಿದವರೂ ಸಂಘಕ್ಕೆ ಬರಬೇಕು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅವರನ್ನು ನೀನು ತಂದೆ.

ಮುನಿಶಾಮಮ್ಮ ನನ್ನನ್ನು ಮೊಣಕೈಯಿಂದ ತಿವಿದು, "ಮೀ ತಮ್ಮುಡಾ?" ಎಂದು ಕೇಳಿದಳು. "ಹೌದು ಕಣೇ, ನನ್ನ ತಮ್ಮ" ಎಂದೆ. ಐದಾರು ವರ್ಷಗಳಲ್ಲಿ ಯಾರಿಗೂ ಹಾಗೆ ಹೇಳಿರಲಿಲ್ಲ.

ಹೊರಗೆ ಬಂದಾಗ ನೀನು ಮೂರು ಮಾರು ದೂರದಲ್ಲಿ ನಿಂತು ಮುನಿಶಾಮಮ್ಮನಿಗೆ, "ಬಸ್ಸಿಗೆ ಹೊತ್ತಾಯ್ತು ಅಂತ ಅವ್ರಿಗೆ ಹೇಳಮ್ಮಾ" ಎಂದೆ. ನಾನು, "ಮಾತ್ರೆ ತಗೊಂಡ್ಯಾ ಅಂತ ಅವನ್ನ ಕೇಳು" ಎಂದೆ. ಅವಳು ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡಳು. ಏನು ಮಾಡಲಿ, ಆಣೆ ಎಂದರೆ ಆಣೆ. ಗಂಗಮ್ಮನ ಚೀಲ ಇನ್ನೂ ಖಾಲಿ ಇದೆ.

ಅಕ್ಕ


ಮಾಲೂರು ತಾಲ್ಲೂಕು
11 ಜುಲೈ 2025

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ. ನಡುವೆ ನನಗೆ ನೋಟಿಸು ಬಂತು, ಅಂಗಡಿಯನ್ನು ಏಕೆ ವಾಪಸ್ ಪಡೆಯಬಾರದು ಎಂದು. ಅದನ್ನು ನಿನಗೆ ತಿಳಿಸಬೇಡ ಎಂದು ಮುನಿಲಕ್ಷ್ಮಿಗೆ ಹೇಳಿದ್ದೆ, ಅವಳು ಅವತ್ತೇ ತಿಳಿಸಿದ್ದಾಳೆ. ಇಲ್ಲದಿದ್ದರೆ ವಿಚಾರಣೆಯ ದಿನ ವೆಂಕಟರಾಯಪ್ಪನವರು ಇಪ್ಪತ್ತು ಜನರನ್ನು ಕಟ್ಟಿಕೊಂಡು ಹೇಗೆ ಬರುತ್ತಿದ್ದರು? "ಇವನು ನಮ್ಮ ಹೊಟ್ಟೆ ಮೇಲೆ ಹೊಡ್ದವ್ನೇ. ಆದ್ರೆ ಮೊದ್ಲು ಒಪ್ಕೊಂಡವ್ನೂ ಇವನೇ. ಇವನ್ನ ತೆಗೆದ್ರೆ ನಾಳೆ ಯಾರೂ ಒಪ್ಕೊಳಲ್ಲ" ಎಂದರು. ಅಧಿಕಾರಿಗಳು ನನ್ನನ್ನು ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ.

ಆದೇಶ ಬಂದಿದೆ. ಬೆರಳು ಹಿಡಿಯದವರ ಪಟ್ಟಿಯನ್ನು ಪ್ರತಿ ಅಂಗಡಿಯ ಗೋಡೆಗೆ ಅಂಟಿಸಬೇಕು, ಪುಸ್ತಕದಲ್ಲಿ ಬರೆದು ಕೊಡಬೇಕು, ಸಂಘದವರೊಬ್ಬರು ಸಾಕ್ಷಿ ಹಾಕಬೇಕು. ಬಹಳ ದಿನ ಪಡಿತರ ಎತ್ತದೆ ನಿಂತುಹೋಗಿದ್ದ ಗಂಗಮ್ಮಜ್ಜಿಯ ಕಾರ್ಡಿಗೂ ನಿಮ್ಮವರು ಓಡಾಡಿ ಜೀವ ಬರಿಸಿದರು.

ನಾನೇ ಅವಳ ಮನೆಗೆ ಹೋಗಿ ಕರೆದೆ. ಚೀಲ ತಂದುಕೊಡುತ್ತೇನೆ, ನೀನು ಬರಬೇಡ ಎಂದೆ. "ಕಾಲಿದೆ, ಬರ್ತೀನಿ" ಎಂದಳು. ಇವತ್ತು ಬೆಳಿಗ್ಗೆ ಬಂದಳು. ಅದೇ ಚೀಲ, ಅದೇ ನಾಲ್ಕು ಮಡಿಕೆ. ಸಾಲಿನಲ್ಲಿದ್ದವರು ಮುಂದೆ ಹೋಗಜ್ಜಿ ಎಂದರೂ ಕೇಳದೆ ತನ್ನ ಸರದಿಗೆ ಕಾದಳು. ಪುಸ್ತಕ ಮುಂದಿಟ್ಟು ಮಸಿಯ ಡಬ್ಬಿ ತೆರೆದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ನೀನು ಕಲಿಸಿದ ಸಹಿ, ಅಕ್ಕಾ. ದೊಡ್ಡಗಂಗಮ್ಮ ಎಂದು ಒಂದಕ್ಷರವನ್ನೂ ಬಿಡದೆ ಬರೆದಳು. ಐದು ನಿಮಿಷ ಹಿಡಿಯಿತು. ಹಿಂದೆ ನಿಂತಿದ್ದ ನಲವತ್ತು ಜನ ಕಾದರು.

ಅಕ್ಕಿ ಹಾಕಿದೆ, ರಾಗಿ ಹಾಕಿದೆ. ಸ್ವಲ್ಪ ಕೆಳಗೆ ಚೆಲ್ಲಿತು, ಅದನ್ನೂ ಆರಿಸಿ ಹಾಕಿದೆ. ಅವಳು ಚೀಲದ ಬಾಯಿ ಕಟ್ಟಿ, ತಲೆ ಎತ್ತಿ ನನ್ನನ್ನು ನೋಡಿ ಕೇಳಿದಳು. "ಇದು ಇವತ್ತಿಂದು. ಆ ಯುಗಾದೀದು?"

"ಅದು ಬರಲ್ಲ ಅಜ್ಜೀ" ಎಂದೆ.

"ಗೊತ್ತು ಕಣಪ್ಪಾ" ಎಂದಳು. "ಅವತ್ತೇ ಕೇಳ್ಬೇಕಿತ್ತು. ಕೇಳ್ದೆ ಹೋಗ್ಬಿಟ್ಟೆ. ಅದಕ್ಕೆ ಇವತ್ತು ಕೇಳ್ದೆ."

ಚೀಲ ಹೊತ್ತುಕೊಂಡು ಹೋದಳು. ನಾನು ಅಂಗಡಿಯ ಒಳಗೆ ಹೋಗಿ ಮೂಟೆಗಳ ಹಿಂದೆ ಕೂತು ಅತ್ತೆ. ಇದನ್ನು ಮುನಿಲಕ್ಷ್ಮಿಗೆ ಬೇಕಾದರೆ ಹೇಳು.

ಚನ್ನ


ರಾಯಲ್ಪಾಡು
16 ಜುಲೈ 2025

ಲೇ ಚನ್ನ,

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಮುನಿಶಾಮಮ್ಮನೂ ಬರುತ್ತಾಳೆ, ನಾವಿಬ್ಬರೂ ಮಾತಾಡುವುದನ್ನು ಕಣ್ಣಾರೆ ನೋಡಬೇಕಂತೆ.

ಮುನಿಲಕ್ಷ್ಮಿಗೆ ಹೋಳಿಗೆ ಮಾಡಲು ಹೇಳಿದ್ದೇನೆ. ಆಷಾಢದಲ್ಲಿ ಎಂಥ ಹೋಳಿಗೆ ಎಂದು ಕೇಳಿದಳು. ಆರು ವರ್ಷದ ಹಿಂದೆ ತಿನ್ನದೆ ಬಂದದ್ದು ಎಂದೆ. ನೀನು ಹೋಗಿ ದೊಡ್ಡಗಂಗಮ್ಮನನ್ನು ಊಟಕ್ಕೆ ಕರೆ. ಆ ಯುಗಾದಿಯ ಅಕ್ಕಿ ವಾಪಸ್ ಬರುವುದಿಲ್ಲ, ನಿಜ. ಆ ಯುಗಾದಿಯ ಊಟವನ್ನಾದರೂ ಅವಳಿಗೆ ಹಾಕೋಣ. ಮೊದಲ ಎಲೆ ಅವಳದು, ಬಡಿಸುವವನು ನೀನು. ನಾನು ಅವಳ ಪಕ್ಕ ಕೂರುತ್ತೇನೆ.

ಬಸ್ಸಿನಿಂದ ಇಳಿದಾಗ ಮೊದಲ ಮಾತು ನೀನು ಆಡು. ಏನು ಹೇಳುವುದೆಂದು ತಿಳಿಯದಿದ್ದರೆ ಬ್ಯಾಗು ಕೊಡಕ್ಕಾ ಎನ್ನು, ಸಾಕು. ಭಾರ ಇದೆ, ಮಾವಿನ ಉಪ್ಪಿನಕಾಯಿ ತರುತ್ತಿದ್ದೇನೆ.

ನಿನ್ನಕ್ಕ,
ಭಾರತಮ್ಮ